ಅರ್ಧ ಗೇಣಿನ ಸಾಲು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀಲತ್ತೆ ಪದ್ಯ ಬರೆಯುತ್ತಿದ್ದ ಚಿತ್ರದ ಪುಸ್ತಕದ ರಟ್ಟು ನೀಲಿಯೋ ಹಸಿರೋ ಎಂಬುದನ್ನು ನಾನು ಮೂರು ಸಲ ಮೂರು ಥರ ಹೇಳಿದ್ದೇನಂತೆ. ನಮ್ಮ ಮನೆಯಲ್ಲಿ ಇಂಥದ್ದನ್ನು ನೆನಪಿಡುವವರು ಇದ್ದಾರೆ. ಹದಿನಾರನೆಯ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದವಳು ನಾನು, ನಿಜ. ಆದರೆ ದಿನಚರಿಯನ್ನು ನಂಬಿ ಕೂರುವ ಹಾಗಿಲ್ಲ. ನಾನು ಹೇಳಹೊರಟಿರುವ ದಿನದ ಪುಟದಲ್ಲಿರುವುದು ಇಷ್ಟೇ: "ಮನೋಳಿಗೆ ಹೋಗಿದ್ದೆ. ನೀಲತ್ತೆಯ ಪದ್ಯ ತಿದ್ದಿಕೊಟ್ಟೆ. ಮೆಣಸಿನಕಾಯಿ ಬಜಿ ಬಹಳ ಚಲೋ ಇದ್ದವು." ಬಜಿಗೆ ಸಿಕ್ಕ ಹೊಗಳಿಕೆ ಪದ್ಯಕ್ಕೆ ಸಿಕ್ಕಿಲ್ಲ. ಆ ವಯಸ್ಸಿನಲ್ಲಿ ನನಗೆ ಯಾವುದು ಮುಖ್ಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದೆಲ್ಲ ನೆನಪಾಗುವುದು ನನ್ನ ಬಲಗೈ ಹೆಬ್ಬೆರಳಿನ ದೆಸೆಯಿಂದ. ಅದಕ್ಕೊಂದು ಚಟವಿದೆ. ಯಾರಾದರೂ ಮಾತಾಡುತ್ತಿದ್ದರೆ ಅದು ಉಳಿದ ನಾಲ್ಕು ಬೆರಳುಗಳ ಮೇಲೆ ತನ್ನಷ್ಟಕ್ಕೆ ತಾನು ಹತ್ತಿ ಇಳಿಯುತ್ತಿರುತ್ತದೆ. ಬೆರಳಿಗೆ ಮೂರು ಗೆರೆ, ತುದಿ ಸೇರಿದರೆ ನಾಲ್ಕು. ನಾಲ್ಕು ಬೆರಳಿಗೆ ಹದಿನಾರು. ಹ್ರಸ್ವಾಕ್ಷರಕ್ಕೆ ಒಂದು ಮನೆ, ದೀರ್ಘಕ್ಕೆ ಎರಡು ಮನೆ. ಅಂದರೆ ನಾನು ಮಾತ್ರೆ ಎಣಿಸುತ್ತಿರುತ್ತೇನೆ. ತರಕಾರಿಯವಳು ಬದನೆಕಾಯಿ ಹೊಗಳಿದರೂ ಎಣಿಸುತ್ತೇನೆ, ಸಾಂತ್ವನ ಹೇಳಲು ಹೋದ ಮನೆಯಲ್ಲೂ ಎಣಿಸುತ್ತೇನೆ, ಆಮೇಲೆ ನಾಚಿಕೊಂಡು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತೇನೆ.

ಮದುವೆಯಾಗಿ ರಾಮದುರ್ಗಕ್ಕೆ ಬಂದ ಹೊಸದರಲ್ಲಿ ನನ್ನ ಗಂಡನ ತಾಯಿ ಇದನ್ನು ಗಮನಿಸಿದರು. ಒಂದು ವಾರ ಸುಮ್ಮನೆ ನೋಡಿ, ಎಂಟನೆಯ ದಿನ ಪಕ್ಕದ ಮನೆಯವರಿಗೆ ಹೇಳಿದ್ದು ಅಡುಗೆಮನೆಯ ಕಿಟಕಿಯಿಂದ ನನಗೂ ಕೇಳಿಸಿತು. "ನಮ್ಮ ಸೊಸಿ ಓದಿದಾಕಿ ಖರೆ, ಆದ್ರ ಸೊಕ್ಕಿಲ್ಲ ನೋಡ್ರಿ. ಒಲಿ ಮುಂದ ನಿಂತ್ರೂ ಬೆರಳ ಮ್ಯಾಲ ಶಿವನಾಮ ಬಿಡೂದಿಲ್ಲ." ಅದನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ. ಶಿವನಾಮವನ್ನೂ ನಾನು ಒಮ್ಮೆ ಎಣಿಸಿ ನೋಡಿದ್ದೆ, ಓಂಕಾರ ಸೇರಿ ಒಂಬತ್ತು ಮಾತ್ರೆ. ಇದನ್ನು ಅವರಿಗೆ ಹೇಳಿದ್ದರೆ ನನ್ನ ಪುಣ್ಯವೆಲ್ಲ ಅಂದೇ ಕರಗುತ್ತಿತ್ತು. ಇವತ್ತಿಗೂ ಆ ಮನೆಯಲ್ಲಿ ನಾನು ಭಕ್ತೆಯೇ.

ಈ ಚಟ ಹತ್ತಿಸಿದವರು ಬೈಲಹೊಂಗಲದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ನದಾಫ ಸರ್. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಎರಡನೆಯದು ಎಂದೂ ಬರೆದದ್ದನ್ನು ನಾನು ಕಾಣೆ. ಛಂದಸ್ಸು ಕಲಿಸುವಾಗ ಅವರು ಹಲಗೆಯ ಮೇಲೆ ಪದ್ಯ ಬರೆಯುತ್ತಿರಲಿಲ್ಲ. ಬರೀ ಗುರುತು ಬರೆಯುತ್ತಿದ್ದರು, ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲು. "ಅಕ್ಷರ ಕಂಡ್ರ ಕಣ್ಣ ಓದತಾವು, ಕಿವಿ ಮಕ್ಕೋತಾವು" ಎನ್ನುತ್ತಿದ್ದರು. ನಾವೂ ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಅಕ್ಷರ ಬರೆಯುವ ಹಾಗಿಲ್ಲ, ಗುರುತು ಮಾತ್ರ. ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅದೇ ಒಂದು ಆಟವಾಗುತ್ತಿತ್ತು. ಅವರು ಹಲಗೆಯ ಮೇಲೆ ಒಂದು ಸಾಲು ಬಟ್ಟಲು ಗೆರೆ ಬರೆದು ಡಸ್ಟರಿನಿಂದ ತಾಳ ಹಾಕುತ್ತಿದ್ದರು, ಅದು ಪಠ್ಯಪುಸ್ತಕದ ಯಾವ ಪದ್ಯದ ಯಾವ ಸಾಲು ಎಂದು ನಾವು ಹುಡುಕಬೇಕು. ಸಿಕ್ಕವರಿಗೆ ಐದು ನಿಮಿಷ ಮೊದಲೇ ಮನೆಗೆ ಹೋಗುವ ಭಾಗ್ಯ. ನಾನು ಆ ವರ್ಷ ಎಷ್ಟೋ ಶನಿವಾರ ಐದು ನಿಮಿಷ ಮೊದಲು ಮನೆ ಸೇರಿದವಳು. ಗುರುತು ಇದ್ದರೆ ಅದರ ಕೆಳಗೆ ಸಾಲು ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಭ್ರಮೆ ನನ್ನಲ್ಲಿ ಬೇರು ಬಿಟ್ಟದ್ದು ಅಲ್ಲಿಯೇ.

ಬಸ್ ನಿಲ್ದಾಣದಲ್ಲೂ ನನಗೆ ಇದೇ ಕೆಲಸ. ಕಿತ್ತೂರಿಗೂ ಐದು ಮಾತ್ರೆ, ಸವದತ್ತಿಗೂ ಐದು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಸೌದತ್ತಿ, ಸೌದತ್ತಿ" ಎಂದು ಕೂಗಿದರೂ ಐದೇ. ಎರಡು ಲಘು ಸೇರಿಸಿ ಒಂದು ಗುರು ಮಾಡಿಕೊಂಡು ಒಂದು ಮಾತ್ರೆಯೂ ನಷ್ಟವಾಗದಂತೆ ಕೂಗುವ ಆ ಮನುಷ್ಯನಿಗೆ ಛಂದಸ್ಸು ಯಾರು ಕಲಿಸಿದರು? ಕಲಿಯದೆಯೂ ಬರುತ್ತದೆ ಎಂಬ ಪಾಠ ಅಲ್ಲೇ ಇತ್ತು. ನಾನು ಅದನ್ನು ಎಣಿಸಿದೆ, ಕಲಿಯಲಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ ಇರಬೇಕು, ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಛಂದಸ್ಸಿನ ಪ್ರಾಧ್ಯಾಪಕರು ಒಂದು ಕೆಲಸ ಹಚ್ಚಿದರು: ಯಾವುದಾದರೂ ಒಂದು ಪ್ರಕೃತಿ ಕವಿತೆಯ ರೂಪ ಮತ್ತು ಛಂದಸ್ಸನ್ನು ವಿಶ್ಲೇಷಿಸಿ ಹತ್ತು ಪುಟ ಬರೆದುಕೊಂಡು ಬನ್ನಿ. ಉಳಿದವರೆಲ್ಲ ಗ್ರಂಥಾಲಯಕ್ಕೆ ನುಗ್ಗಿದರು. ಯಾರೂ ಮುಟ್ಟದ ಕವಿತೆ ನನ್ನ ಕೈಗೆ ಸಿಗಬೇಕು ಎಂಬುದು ನನ್ನ ಹಂಬಲ. ಆಗ ನೆನಪಾದವಳು ನೀಲತ್ತೆ.

ನೀಲತ್ತೆ ನನ್ನ ಅಪ್ಪನ ಅಕ್ಕ. ಮನೋಳಿಯಲ್ಲಿ ಹೊಳೆಯ ಕಡೆಗೆ ಅವರ ಹೊಲ, ಊರೊಳಗೆ ಮನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಅದನ್ನು ಆಕೆ ಹೇಳಿಕೊಳ್ಳುತ್ತಿರಲಿಲ್ಲ, ಆಕೆಯ ಗಂಡ ಬಸಣ್ಣ ಮಾಮಾ ಹೇಳುತ್ತಿದ್ದರು, ಮುಖ್ಯವಾಗಿ ಜಗಳವಾಡುವಾಗ. "ಮುಲ್ಕಿ ಪಾಸಾದವ್ರ ಜೋಡಿ ನಾ ಹೆಂಗ ವಾದ ಮಾಡ್ಲಿ?" ಕಾಯಿಪಲ್ಲೆ ಸೋಸುವಾಗ, ಕಾಳು ಹಸನು ಮಾಡುವಾಗ ಆಕೆ ಏನೋ ಗುನುಗುತ್ತಿದ್ದಳು. ಅದು ಹಾಡಲ್ಲ, ಮಾತೂ ಅಲ್ಲ. ಚಿಕ್ಕವಳಿದ್ದಾಗ ಕೇಳಿದರೆ "ಮಳಿ ಪದಾ" ಎಂದಷ್ಟೇ ಹೇಳುತ್ತಿದ್ದಳು. ಅದನ್ನು ಬರೆದಿಡುತ್ತಾಳೆ ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು, ಓದಿದವರು ಯಾರೂ ಇರಲಿಲ್ಲ.

ನಾನು ಹೋದಾಗ ಆಕೆ ಗೋಡೆಯಲ್ಲಿನ ದೇವರ ಮಾಡದ ಮೇಲಿಂದ ಆ ಚಿತ್ರದ ಪುಸ್ತಕ ತೆಗೆದುಕೊಟ್ಟಳು. ಮಗ ಸಾಲಿಯಲ್ಲಿದ್ದಾಗ ತಂದದ್ದು. ಮೊದಲ ನಾಲ್ಕು ಪುಟದಲ್ಲಿ ಮಾವಿನಹಣ್ಣು, ಗಿಳಿ, ಧ್ವಜ, ಮತ್ತೆ ಮಾವಿನಹಣ್ಣು. ಅಲ್ಲಿಗೆ ಅವನ ಕಲೆ ಮುಗಿದು ತಾಯಿಯದು ಶುರುವಾಗಿತ್ತು. ಗೆರೆಯಿಲ್ಲದ ಅಗಲ ಹಾಳೆ, ಪೆನ್ಸಿಲ್ಲಿನ ದಪ್ಪ ಅಕ್ಷರ. ಒಂದು ವರ್ಷದ ಮಳೆಗಾಲಕ್ಕೆ ಒಂದು ಪುಟ. ರೋಹಿಣಿಯಿಂದ ಹಿಡಿದು ಮಿರಗ ಎಂದು ಕರೆಯುವ ಮೃಗಶಿರ, ಆರಿದ್ರಾ, ಪುಷ್ಯ ಎಂದು ಒಂದೊಂದು ನಕ್ಷತ್ರದ ಮಳೆಗೆ ಒಂದೊಂದು ಸಾಲು.

ಓದಿದೆ. ಹೆಬ್ಬೆರಳು ತಾನಾಗಿ ಓಡಿತು.

ರೋಹಿಣಿ ಬೇವಿನ ಹಣ್ಣುದುರಿಸಿದಳು
ಮಿರಗವು ಎತ್ತಿನ ಗೆಜ್ಜೆಯ ತೊಳೆಯಿತು

ಹದಿನಾರು ಮಾತ್ರೆ, ಮತ್ತೆ ಹದಿನಾರು ಮಾತ್ರೆ! ನಾಲ್ಕು ನಾಲ್ಕರ ನಾಲ್ಕು ಗಣ. ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ. ನನಗೆ ಮೈ ಜುಮ್ಮೆಂದಿತು. ಮೂರನೆಯ ಸಾಲಿಗೆ ಬಂದಾಗ ಆ ಜುಮ್ಮು ಇಳಿಯಿತು. ಆರಿದ್ರಾ ಮಳೆಯ ಸಾಲು ಎಂಟು ಮಾತ್ರೆಗೇ ನಿಂತುಬಿಟ್ಟಿತ್ತು. ಮುಂದೆ ಬರೀ ಖಾಲಿ ಹಾಳೆ. ಕೆಳಗೆ ಪುಷ್ಯದ ಸಾಲು ಇದಕ್ಕೆ ತದ್ವಿರುದ್ಧ:

ಪುಷ್ಯವು ಸುರಿಯಿತು ಹಗಲೂ ಇರುಳೂ ಸುರಿಯಿತು ಸುರಿಯಿತು

ಇಪ್ಪತ್ತನಾಲ್ಕು ಮಾತ್ರೆ. ಹಾಳೆಯ ಅಂಚಿಗೆ ಬಡಿದು ಕೊನೆಯ 'ಸುರಿಯಿತು' ಮೇಲಕ್ಕೆ ಬಾಗಿ ಏಣಿ ಹತ್ತಿತ್ತು.

"ಅತ್ತಿ, ಇದು ಮಂದಾನಿಲ ರಗಳೆಯ ನಡಿಗಿ ಐತ್ರಿ. ಭಾಳ ಚಂದ ಬಂದೈತಿ" ಎಂದೆ.

ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಬಸಣ್ಣ ಮಾಮಾ ತಲೆ ಎತ್ತಿದರು. "ರಗಳಿನಾ? ಅದನ್ನ ಹೇಳಾಕ ಧಾರವಾಡ ತನಕ ಹೋಗಿ ಓದಬೇಕಾತೇನು? ನನ್ನ ಕೇಳಿದ್ರ ನಾನ ಹೇಳತಿದ್ನೆಲ್ಲ, ಇಪ್ಪತ್ತೈದು ವರ್ಷದಿಂದ ಕೇಳಾಕತ್ತೇನಿ."

"ನೀವ ಹಗ್ಗಾ ಹೊಸೀರಿ" ಎಂದಳು ನೀಲತ್ತೆ. ಅವರತ್ತ ತಿರುಗಿಯೂ ನೋಡಲಿಲ್ಲ. ನನಗೆ, "ಏನ ಸುನಂದಿ, ಒಂದ ಕಡೆ ಮುಖಾ ಸಣ್ಣ ಮಾಡಿದಿ?"

"ಎರಡ ಸಾಲಿನಾಗ ದೋಷ ಐತ್ರಿ. ಒಂದು ಸಾಲತಿಲ್ಲ, ಒಂದು ಹೆಚ್ಚಾಗೇತಿ. ತಿದ್ದಿಬಿಡ್ಲಿ?"

ಆಕೆ ಪುಸ್ತಕದತ್ತ ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ಉಸಿರು ಇರಬಹುದು, ಹೆಚ್ಚೂ ಇರಬಹುದು. ಆಮೇಲೆ ಹೇಳಿದಳು: "ನೀ ಓದಿದಾಕಿ. ನಿನಗ ಹೆಂಗ ಬೇಕ ಹಂಗ ಮಾಡ."

ಪುಷ್ಯದ ಸಾಲಿನ ಬಾಲದ ಎರಡು 'ಸುರಿಯಿತು'ಗಳ ಮೇಲೆ ಗೆರೆ ಎಳೆದೆ. ಅದು ಸುಲಭದ ಕೆಲಸ, ಪುನರುಕ್ತಿ ದೋಷ ಎಂದು ಹೆಸರೂ ಸಿದ್ಧವಿತ್ತು. ಆರಿದ್ರಾ ಸಾಲನ್ನು ಮಾತ್ರ ಹಾಗೆ ಮಾಡುವಂತಿರಲಿಲ್ಲ. ಅದನ್ನು ಮೊದಲಿನಿಂದ ಕಟ್ಟಬೇಕಿತ್ತು. ಜಂಬದ ಚೀಲದಿಂದ ರಬ್ಬರ್ ತೆಗೆದು ಇಡೀ ಸಾಲನ್ನು ಅಳಿಸಿದೆ. 'ಆರಿದ್ರಾ' ಎಂಬುದು ಆಡುಮಾತು ಎನ್ನಿಸಿ ಅದನ್ನೂ ಸುಧಾರಿಸಿದೆ. ಪೆನ್ನಿನಿಂದ, ಮುತ್ತಿನಂಥ ಅಕ್ಷರದಲ್ಲಿ ಬರೆದೆ:

ಆರಿದ್ರೆಯು ಮೆಲುಮೆಲ್ಲನೆ ಬಂದಳು

ಹದಿನಾರು ಮಾತ್ರೆ. ನೀವೂ ಎಣಿಸಿ ನೋಡಬಹುದು. ದೋಷವಿಲ್ಲ.

ಅಳಿಸುವಾಗ ರಬ್ಬರಿನ ಕರಿ ಹೊಟ್ಟು ಹಾಳೆಯ ತುಂಬ ಉದುರಿತು. ನೀಲತ್ತೆ ಪಕ್ಕದಲ್ಲಿ ಕೂತವಳು ಅದನ್ನು ತನ್ನ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿ ಕೆಳಗೆ ಕೊಡವಿದಳು, ನನಗೆ ಬರೆಯಲು ಅನುಕೂಲವಾಗಲಿ ಎಂದು. ಈ ಒಂದು ಚಿತ್ರ ನನಗೆ ಬಹಳ ಸ್ಪಷ್ಟವಾಗಿದೆ. ಎಷ್ಟು ಸ್ಪಷ್ಟವೆಂದರೆ ನನಗೇ ಅನುಮಾನ. ಆಮೇಲೆ ತಪ್ಪು ಗೊತ್ತಾದ ಮೇಲೆ, ಆ ತಪ್ಪಿಗೆ ಚೂರು ಖಾರ ಇರಲಿ ಎಂದು ನನ್ನ ಮನಸ್ಸೇ ಆ ಸೆರಗನ್ನು ಹೆಣೆದು ಸೇರಿಸಿತೋ? ದಿನಚರಿಯಲ್ಲಿ ಸೆರಗಿಲ್ಲ. ಬಜಿ ಇದೆ. ಅದನ್ನು ಆಕೆ ಆಮೇಲೆ ಕರಿದಳು.

ನನ್ನ ಹತ್ತು ಪುಟ ಹದಿನಾಲ್ಕಾಯಿತು. ಪ್ರಾಧ್ಯಾಪಕರು ಕೆಂಪು ಶಾಯಿಯಲ್ಲಿ "ಛಂದಶ್ಶುದ್ಧವಾದ ರಚನೆ, ಉತ್ತಮ ವಿಶ್ಲೇಷಣೆ" ಎಂದು ಬರೆದರು. ಪದ್ಯ ವಾರ್ಷಿಕ ಸಂಚಿಕೆಯಲ್ಲಿ ನೀಲತ್ತೆಯ ಹೆಸರಿನಲ್ಲೇ ಅಚ್ಚಾಯಿತು. ತಿದ್ದಿದ ವಿಷಯವನ್ನು ನಾನು ಎಲ್ಲೂ ಹೇಳಲಿಲ್ಲ. ಅದು ದೊಡ್ಡ ಗುಣ ಎಂದು ಆಗ ಅಂದುಕೊಂಡಿದ್ದೆ. ನೀಲತ್ತೆ ಅಚ್ಚಾದ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚಂಚಿಯಲ್ಲಿ ಇಟ್ಟುಕೊಂಡು ತಿರುಗಿದಳು. ಕಿತ್ತೂರಿನಲ್ಲಿ ನಮ್ಮ ಕಾಕಾನ ಮಗಳ ಮದುವೆಯಾದಾಗ ಹೆಂಗಸರೆಲ್ಲ ಒತ್ತಾಯ ಮಾಡಿದ್ದಕ್ಕೆ ಚಪ್ಪರದ ಕೆಳಗೆ ನಿಂತು ಹೇಳಿದಳು. ಕಣ್ಣು ಮುಚ್ಚಿ, ಹಾಳೆ ನೋಡದೆ, ಅಚ್ಚಾದ ಹಾಗೆಯೇ. 'ಆರಿದ್ರೆಯು ಮೆಲುಮೆಲ್ಲನೆ ಬಂದಳು' ಎನ್ನುವಲ್ಲಿ ಎಲ್ಲರೂ ತಲೆದೂಗಿದರು. ನನಗೆ ಕೋಡು ಮೂಡಿತು. ನನ್ನ ಸಾಲು ಆಕೆಯ ಬಾಯಿಂದ ಬಂದಾಗ ಎಷ್ಟು ಚಂದ ಕೇಳಿಸುತ್ತದೆ ಎಂದು ಬೀಗಿದೆ.

ಆಮೇಲೆ ಮದುವೆ, ರಾಮದುರ್ಗ, ಮಗಳು, ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ. ಸುರೇಬಾನದಿಂದ ಬರುವ ಹುಡುಗಿಯರು ಬಸ್ಸು ತಡವಾದ ನೆಪ ಹೇಳುವುದನ್ನು ಬೆರಳ ಮೇಲೆ ಎಣಿಸುತ್ತ ಕಳೆದ ವರ್ಷಗಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲೆ, ಮಗಳನ್ನು ಕರೆದುಕೊಂಡು ಎರಡು ದಿನಕ್ಕೆಂದು ಮನೋಳಿಗೆ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣಿನ ವಾಸನೆ ಅಂಗಳದವರೆಗೂ ಬಂದಿತ್ತು.

ಬಸಣ್ಣ ಮಾಮಾ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಬಲಗೈ ಮಾತ್ರ ಮೊಣಕೈ ತನಕ ಮಣ್ಣು. ನಮ್ಮ ಕಡೆ ಮಳೆ ಎಷ್ಟಾಯಿತು ಎಂದು ಆಕಾಶ ನೋಡಿ ಹೇಳುವುದಿಲ್ಲ, ಹೊಲದಲ್ಲಿ ಕೈ ಊರಿ ಹೇಳುತ್ತಾರೆ. ಮಣ್ಣು ಬಗೆದು, ಒದ್ದೆ ಎಲ್ಲಿಯವರೆಗೆ ಇಳಿದಿದೆಯೋ ಅಷ್ಟಕ್ಕೆ ಹೆಬ್ಬೆರಳು ಕಿರುಬೆರಳು ಚಾಚಿ ಅಳೆಯುತ್ತಾರೆ. ಅದಕ್ಕೆ 'ಹಸಿ' ಎಂದು ಹೆಸರು. ಗೇಣು ಹಸಿ, ಅರ್ಧ ಗೇಣು ಹಸಿ. ಇದೇನು ನನಗೆ ಹೊಸ ಮಾತಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇ.

"ಎಷ್ಟ ಐತಿ?" ನೀಲತ್ತೆ ಒಳಗಿಂದ ಕೂಗಿದಳು.

"ಅರ್ಧಾ ಗೇಣ ಮ್ಯಾಲ ಒಂದ ಬೆರಳು."

"ಯಾರ ಬೆರಳು?"

"ಯಾರದ ಅಂದ್ರ? ನಂದ! ನಿನ್ನ ಬೆರಳ ತಗೊಂಡ ಹೊಲಕ್ಕ ಹೋಗಿದ್ನೇನ ನಾ?"

"ಹಂಗಾರ ನಂದು ಒಂದೂವರಿ ಬೆರಳ ಆತು" ಎಂದಳು ನೀಲತ್ತೆ. ಕೈ ಒರೆಸಿಕೊಂಡು ಬಂದು ಮಾಡದ ಮೇಲಿಂದ ಚಿತ್ರದ ಪುಸ್ತಕ ತೆಗೆದಳು. ಅದೇ ಪುಸ್ತಕ. ರಟ್ಟು ನೀಲಿಯೇ ಇತ್ತು, ಅಥವಾ ಹಸಿರು. ಹಾಳೆ ತೆರೆದು ಅದರ ಮೇಲೆ ತನ್ನ ಎಡಗೈ ಚಾಚಿ ಇಟ್ಟಳು. ಅರ್ಧ ಗೇಣಿಗೆ ಒಂದು ಚುಕ್ಕೆ, ಅದರಾಚೆ ಒಂದೂವರೆ ಬೆರಳಿಗೆ ಇನ್ನೊಂದು ಚುಕ್ಕೆ. ಆಮೇಲೆ ತುಟಿಯಲ್ಲೇ ಏನೋ ಗುನುಗಿ ಗುನುಗಿ, ಆ ಚುಕ್ಕೆಯವರೆಗೆ ಬರುವಷ್ಟು ಬರೆದು ಪೆನ್ಸಿಲ್ ಎತ್ತಿಬಿಟ್ಟಳು.

ನಾನು ನೋಡುತ್ತಿದ್ದೆ. ಹೆಬ್ಬೆರಳು ಅಲುಗಲಿಲ್ಲ.

"ಅತ್ತಿ, ಇದೇನ್ರಿ?"

"ಹಸಿ ಎಷ್ಟ ಇಳದೈತಿ, ಸಾಲು ಅಷ್ಟ."

"ಯಾವಾಗಿಂದ ಹಿಂಗ ಬರಿಯಾಕತ್ತೀರಿ?"

"ಮೊದಲಿಂದ" ಎಂದಳು ಆಕೆ, ನನ್ನನ್ನೇ ವಿಚಿತ್ರವಾಗಿ ನೋಡುತ್ತ. "ಮಳಿ ಪದಾ ಅಂದಮ್ಯಾಲ ಮತ್ತ ಹೆಂಗ ಬರೀತಾರ?"

ಪುಸ್ತಕ ಇಸಿದುಕೊಂಡು ಹಿಂದಕ್ಕೆ ತಿರುವಿದೆ. ನಾನು ತಿದ್ದಿದ ಪುಟ. ಆಕೆಯ ಕೈಯನ್ನು ಅಲ್ಲಿ ಇಡಿಸಿದೆ. ರೋಹಿಣಿ ಸರಿಯಾಗಿ ಒಂದು ಗೇಣು. ಮಿರಗ ಒಂದು ಗೇಣು. ಪುಷ್ಯ, ನಾನು ಹೊಡೆದುಹಾಕಿದ ಬಾಲವೂ ಸೇರಿ, ಒಂದೂವರೆ ಗೇಣು. ಆ ವರ್ಷ ಪುಷ್ಯಕ್ಕೆ ಹೊಳೆ ಬಂದು ಕೆಳಗಿನ ತೋಟದ ಬೇಲಿ ಕೊಚ್ಚಿಕೊಂಡು ಹೋಗಿತ್ತಂತೆ. ಅದಕ್ಕೇ ಆಕೆ ಎರಡು ಸಲ ಹೆಚ್ಚಿಗೆ 'ಸುರಿಯಿತು' ಎಂದಿದ್ದಳು. ನಾನು ಅದಕ್ಕೆ ಪುನರುಕ್ತಿ ದೋಷ ಎಂದು ಹೆಸರಿಟ್ಟೆ. ಇನ್ನು ಆರಿದ್ರಾ. ಆ ವರ್ಷ ಅರ್ಧ ಗೇಣಷ್ಟೇ ಬಂದ ಮಳೆಯನ್ನು ನನ್ನ ಮುತ್ತಿನಂಥ ಅಕ್ಷರ ಪೂರ್ತಿ ಗೇಣಿನ ಉದ್ದಕ್ಕೆ ಎಳೆದಿತ್ತು.

ಬಸಣ್ಣ ಮಾಮಾನಿಗೆ ಸಂಗತಿ ತಿಳಿದಾಗ ಅವರು ನಕ್ಕ ನಗೆ ಓಣಿಗೆಲ್ಲ ಕೇಳಿಸಿರಬೇಕು. "ಭಲೆ ಸುನಂದಾ! ಕೂತಲ್ಲೇ ಪೆನ್ನಿಲೆ ಅರ್ಧಾ ಗೇಣ ಮಳಿ ಸುರಿಸಿದೆಲ್ಲ ಮಾರಾಯ್ತಿ. ಅವತ್ತ ನಮ್ಮ ಹೊಲದಾಗ ಕುಂತ ಬರದಿದ್ರ ಹತ್ತಿನಾದ್ರೂ ಬರತಿತ್ತು."

"ಸುಮ್ಮ ಕೂಡ್ರಿ, ಹುಡುಗಿ ಅಳಾಕತ್ತೇತಿ" ಎಂದಳು ನೀಲತ್ತೆ. ನಾನು ಅಳುತ್ತಿರಲಿಲ್ಲ. ಅಳುತ್ತಿದ್ದೆನೋ ಏನೋ. ಅದನ್ನೂ ದಿನಚರಿ ಹೇಳುವುದಿಲ್ಲ.

"ಮೊದಲ ಏನಿತ್ರಿ ಆ ಸಾಲು? ಹೇಳ್ರಿ, ಮತ್ತ ಬರದಿಡೂಣು."

ಆಕೆ ಕಣ್ಣು ಮುಚ್ಚಿದಳು. ಗುನುಗಿದಳು. ರೋಹಿ​ಣಿ ಬಂತು, ಮಿರಗ ಬಂತು. ಆಮೇಲೆ ಬಂದದ್ದು 'ಆರಿದ್ರೆಯು ಮೆಲುಮೆಲ್ಲನೆ ಬಂದಳು'. ಕಣ್ಣು ತೆರೆದಳು. ಮತ್ತೆ ಮುಚ್ಚಿ ಮೊದಲಿನಿಂದ ಹೇಳಿದಳು. ಮತ್ತೆ ಅದೇ. ನಾನೂ ಪ್ರಯತ್ನಿಸಿದೆ, ನನಗೂ ಅದೇ. ಅಚ್ಚಾದದ್ದನ್ನು ಎಷ್ಟು ಸಲ ಹೇಳಿದ್ದಳೋ, ಕಿತ್ತೂರಿನ ಚಪ್ಪರದ ಕೆಳಗೆ ಎಷ್ಟು ಜನ ತಲೆದೂಗಿದ್ದರೋ! ಛಂದಸ್ಸು ಇರುವುದೇ ನೆನಪಿಗಾಗಿ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಅದು ಸರಿಯಾದದ್ದನ್ನೇ ನೆನಪಿಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ತುಂಬಿದ ಸಾಲು ಉಳಿಯುತ್ತದೆ, ಕೊರೆಬಿದ್ದ ಸಾಲು ಜಾರುತ್ತದೆ. ಇಬ್ಬರ ತಲೆಯಿಂದಲೂ ಜಾರಿಹೋಗಿತ್ತು.

ರಾಮದುರ್ಗಕ್ಕೆ ಮರಳಿ ಟ್ರಂಕಿನ ತಳ ಶೋಧಿಸಿದೆ. ಧಾರವಾಡದ ಪಟ್ಟಿಗಳು, ಜಿರಲೆ ಗುಳಿಗೆಯ ವಾಸನೆ. ಪ್ರಾಧ್ಯಾಪಕರಿಗೆ ಬರೆದ ಆ ವಿಶ್ಲೇಷಣೆಯ ಕಚ್ಚಾ ಪ್ರತಿ ಸಿಕ್ಕಿತು. ತಿದ್ದುವ ಮೊದಲು, ಬಸ್ಸಿಳಿದು ಬಂದ ಆ ಮಧ್ಯಾಹ್ನವೇ, ಪದ್ಯದ ಪ್ರತಿ ಸಾಲನ್ನೂ ನಾನು ಗುರುತು ಮಾಡಿಕೊಂಡಿದ್ದೆ. ಮೂರನೆಯ ಸಾಲೂ ಅಲ್ಲಿತ್ತು. ಆದರೆ ನಾನು ನದಾಫ ಸರ್ ಶಿಷ್ಯೆ. ಅಕ್ಷರ ಬರೆದಿರಲಿಲ್ಲ.

– – – ∪ ∪

ಮೂರು ಗೆರೆ, ಎರಡು ಬಟ್ಟಲು. ಪಕ್ಕದಲ್ಲಿ ನನ್ನದೇ ಬರಹ: "ಎಂಟು ಮಾತ್ರೆ ಕೊರತೆ. ಕವಯಿತ್ರಿಯ ಅಜಾಗರೂಕತೆ."

ಮೂರು ಗೆರೆ 'ಆರಿದ್ರಾ' ಇರಬೇಕು. ಉಳಿದದ್ದು ಎರಡು ಬಟ್ಟಲು, ಎರಡು ಹ್ರಸ್ವಾಕ್ಷರ. ಅರ್ಧ ಗೇಣು ಮಳೆಯ ಬಗ್ಗೆ ಆಕೆ ಹೇಳಿದ್ದು ಆ ಎರಡೇ ಅಕ್ಷರ. ಶನಿವಾರದ ಆಟ ಮತ್ತೆ ಶುರುವಾಯಿತು. ಹನಿ? ಬರಿ? ಸರಿ? ಬಸ್ಸಿನಲ್ಲಿ, ಒಲೆಯ ಮುಂದೆ, ಪಾಠದ ನಡುವೆ ಎರಡೆರಡು ಅಕ್ಷರಗಳನ್ನು ಆ ಬಟ್ಟಲುಗಳಲ್ಲಿ ಹಾಕಿ ನೋಡಿದೆ. ಎಲ್ಲವೂ ಹಿಡಿಸುತ್ತವೆ, ಅದೇ ತೊಂದರೆ. ಪಠ್ಯಪುಸ್ತಕವಿದ್ದಿದ್ದರೆ ತೆರೆದು ನೋಡಬಹುದಿತ್ತು. ಇದರ ಪುಸ್ತಕವನ್ನು ನಾನೇ ರಬ್ಬರಿನಿಂದ ಅಳಿಸಿದ್ದೆ. ರಾಮದುರ್ಗದ ಮನೆಯಲ್ಲಿ ಮಾತ್ರ ಸೊಸೆಯ ಜಪ ಹೆಚ್ಚಾಗಿದೆ ಎಂದು ಸಂತೋಷಪಟ್ಟರು.

ಮುಂದಿನ ಸಲ ಮನೋಳಿಗೆ ಹೋದಾಗ ಆ ಪಟ್ಟಿ ಒಯ್ದೆ. ನೀಲತ್ತೆಗೆ ಗುರುತು ತೋರಿಸಿ ಆಟ ವಿವರಿಸಿದೆ. ಆಕೆಗೆ ಗುರುತು ಅರ್ಥವಾಗಲಿಲ್ಲ, ನಾನು ನೆಲಕ್ಕೆ ತಾಳ ಹಾಕಿದ ಮೇಲೆ ಅರ್ಥವಾಯಿತು.

"ಹನಿ ಅಂತಿತ್ತೇನ?" ಎಂದಳು. ಬಾಯಲ್ಲಿ ಹಾಕಿ ರುಚಿ ನೋಡುವವಳಂತೆ ಎರಡು ಸಲ ಹೇಳಿದಳು. "ಇಲ್ಲ. ಹನಿ ಅನ್ನೂವಂಥ ಮಳಿ ಅಲ್ಲದು."

"'ಸುಳ್ಳ' ಅಂತ ಬರದಿದ್ಲು" ಎಂದರು ಮಾಮಾ ಹೊರಗಿಂದ. "ಆರಿದ್ರಾ ಸುಳ್ಳ. ನನಗ ಚಲೋ ನೆನಪೈತಿ."

"ಅದಕ್ಕ ಮೂರ ಮಾತ್ರಿ ಆಕ್ಕಾವ ಮಾಮಾ."

"ಒಂದ ಕಡಿಮಿ ಹಾಕ್ಕೋ. ಹೆಂಗಾರ ತಿದ್ದಾಕ ಬರತೈತೆಲ್ಲ ನಿನಗ."

ನಾನೂ ಮಾಮಾನೂ ನಕ್ಕೆವು. ನೀಲತ್ತೆಯೂ ನಕ್ಕಳು, ಆದರೆ ಆಕೆಯ ಕಣ್ಣು ಆ ಮೂರು ಗೆರೆ ಎರಡು ಬಟ್ಟಲಿನ ಮೇಲೆಯೇ ಇತ್ತು. ಮಾಮಾ ಎದ್ದು ದನಗಳ ಕಡೆ ಹೋದರು. ಆಕೆ ಚಿತ್ರದ ಪುಸ್ತಕ ತೆಗೆದು ನಾನು ತಿದ್ದಿದ ಪುಟ ಬಿಚ್ಚಿದಳು. ಪೆನ್ನಿನ ಸಾಲಿನ ಕೆಳಗೆ ಹಳೆಯ ಪೆನ್ಸಿಲ್ಲಿನ ಒತ್ತು ಏನಾದರೂ ಉಳಿದಿದೆಯೇ ಎಂದು ನಾನು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಒಂದು ಕಡೆ ಹಾಳೆ ತೆಳುವಾಗಿತ್ತು, ಅಷ್ಟೇ. ಅಷ್ಟು ಚೆನ್ನಾಗಿ ಉಜ್ಜಿದ್ದೆ.

ಪುಸ್ತಕವನ್ನು ಮತ್ತೆ ಆಕೆಯ ತೊಡೆಯ ಮೇಲಿಟ್ಟೆ. ಆಕೆ ಸೆರಗಿನ ತುದಿ ಹಿಡಿದು ಆ ಸಾಲಿನ ಮೇಲೆ ಮೆಲ್ಲಗೆ ಒರೆಸಿ ಕೆಳಗೆ ಕೊಡವಿದಳು. ಹಾಳೆಯ ಮೇಲೆ ಕೊಡವಲು ಏನೂ ಇರಲಿಲ್ಲ.

ಹಾಗಾದರೆ ಆ ಸೆರಗು ನಾನು ಹೆಣೆದದ್ದಲ್ಲ. ಅಂದು ಆಕೆ ಪಕ್ಕದಲ್ಲಿದ್ದಳು, ನೋಡುತ್ತಿದ್ದಳು. ಅರ್ಧ ಗೇಣಿನ ಮಳೆಯನ್ನು ನಾನು ಉಜ್ಜಿ ಉಜ್ಜಿ ತೆಗೆಯುವಾಗ ಅದರ ಹೊಟ್ಟನ್ನೂ ತಾನೇ ಒರೆಸಿಕೊಟ್ಟಿದ್ದಳು. ಆ ಎರಡಕ್ಷರ ಯಾವುವು ಎಂದು ಕೇಳುವುದನ್ನು ನಾನು ಅಲ್ಲಿಗೆ ಬಿಟ್ಟೆ. ಅವು ಆಕೆಗೂ ಸಿಗುವುದಿಲ್ಲ, ನನಗೂ ಇಲ್ಲ. ಆಕೆಗೆ ಖಂಡಿತ ಗೊತ್ತಿರುವ ಬೇರೊಂದನ್ನು ಕೇಳಿದೆ. ಅದಾಗಿ ಎಷ್ಟೋ ಆರಿದ್ರಾ ಮಳೆ ಬಂದುಹೋಗಿವೆ. ಆಕೆ ನನಗೆ ಆಯಾ ವರ್ಷದ ಹಸಿ ಹೇಳಿದ್ದಾಳೆ, ಮೊಮ್ಮಗನ ಹಟ ಹೇಳಿದ್ದಾಳೆ, ಬಜಿಗೆ ಓಂಕಾಳು ಎಷ್ಟು ಹಾಕಬೇಕೆಂದು ಹೇಳಿದ್ದಾಳೆ. ಇದೊಂದಕ್ಕೆ ಮಾತ್ರ ಇನ್ನೂ ಉತ್ತರ ಹೇಳಿಲ್ಲ:

"ಅತ್ತಿ, ಅವತ್ತ ನಾ ಅಳಸೋ ಮುಂದ ನಿಮಗ ಎಲ್ಲಾ ಗೊತ್ತಿತ್ತೆಲ್ಲ, ನನ್ನ ಕೈ ಯಾಕ ಹಿಡೀಲಿಲ್ರಿ?"